ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್

ಕೇಳುಗರಿಗೆ ನಮಸ್ಕಾರ.

ಗುಂಡಿ ಒತ್ತಿ ಐದು ನಿಮಿಷ ಕಳೆದರೂ ತೆರೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇದ್ದರೆ, ಲ್ಯಾಪ್‌ಟಾಪಿನ ಕಾಲ ಮುಗಿಯಿತೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಆದರೆ ಪ್ರೊಸೆಸರ್ ಚಪ್ಪಲಿಯಂತೆ ಸವೆಯುವ ವಸ್ತುವಲ್ಲ. ಹೆಚ್ಚಿರುವುದು ಅದರ ಮೇಲೆ ಹೇರಿದ ತಂತ್ರಾಂಶದ ಭಾರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಬೇಡುವುದರಿಂದ, ಕೆಲಸಕ್ಕೆ ಬರುವ ಎಷ್ಟೋ ಯಂತ್ರಗಳು ಹೊರಗುಳಿದಿವೆ.

ಇಂಥ ಯಂತ್ರಕ್ಕೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಒಗ್ಗುತ್ತದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ತನ್ನ ಮೇಜಿನ ಮೇಲಿದ್ದ 386 ಪ್ರೊಸೆಸರಿನ ಕಂಪ್ಯೂಟರಿಗಾಗಿ ಬರೆಯತೊಡಗಿದ ಕರ್ನಲ್, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ಇದರ ಮೂಲ. ಇದನ್ನು ಆಧರಿಸಿದ ಹಲವು ಆವೃತ್ತಿಗಳಲ್ಲಿ, 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ನಾನು ಸೂಚಿಸುತ್ತೇನೆ. ಅದಕ್ಕಿಂತ ಬಡ ಯಂತ್ರಕ್ಕೆ ಆಂಟಿಎಕ್ಸ್ ಎಂಬ ಇನ್ನೂ ಹಗುರ ಆವೃತ್ತಿ ವಾಸಿ.

ಆಯ್ದ ಆವೃತ್ತಿಯನ್ನು ಇಡಿಯಾಗಿ ಒಳಗೊಂಡ ಐಎಸ್ಒ ಎಂಬ ಕಡತವನ್ನು ಇಳಿಸಿಕೊಂಡು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಸಾಲದು. ರೂಫಸ್‌ನಂಥ ತಂತ್ರಾಂಶದಿಂದ ಅದನ್ನು ಬರೆಯಬೇಕು, ಹಾಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿಯುತ್ತದೆ. ಬಳಿಕ ಯಂತ್ರವನ್ನು ಆ ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿದರೆ, ಡಿಸ್ಕನ್ನು ಮುಟ್ಟದೆ ಲಿನಕ್ಸನ್ನು ಪರೀಕ್ಷಿಸಬಹುದು. ಈ ಹಂತದಲ್ಲಿ ಆತುರ ಬೇಡ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂದು ನೋಡಿಕೊಳ್ಳಿ. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳಿಗೆ ಅವನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಬೇರೆಯಾಗಿ ಹಾಕಬೇಕಾಗುತ್ತದೆ. ಆಗ ತಂತಿಯ ಮೂಲಕವೋ ಫೋನಿನ ಮೂಲಕವೋ ಇಂಟರ್ನೆಟ್ ಕೊಟ್ಟರೆ ಕೆಲಸ ಸುಲಭ. ಫೋಟೋ, ಕಾಗದಪತ್ರಗಳನ್ನು ಬೇರೆಡೆಗೆ ನಕಲು ಮಾಡುವವರೆಗೆ ಅನುಸ್ಥಾಪನೆಯ ಗುಂಡಿಯನ್ನು ಮುಟ್ಟಬೇಡಿ, ಏಕೆಂದರೆ ಡಿಸ್ಕನ್ನು ಪೂರ್ಣವಾಗಿ ಅಳಿಸುವ ಆಯ್ಕೆಯನ್ನು ಒಪ್ಪಿದ ಮೇಲೆ ಹಿಂದಿರುಗುವ ದಾರಿ ಬಹುತೇಕ ಇರುವುದಿಲ್ಲ.

ಲಿನಕ್ಸ್ ಹಾಕಿದ ಮಾತ್ರಕ್ಕೆ ಎಲ್ಲವೂ ಹಾರಾಡತೊಡಗುತ್ತದೆ ಎನ್ನುವವರ ಉತ್ಸಾಹ ನನಗಿಲ್ಲ. ಬ್ರೌಸರಿನಲ್ಲಿ ಇಪ್ಪತ್ತು ಪುಟ ತೆರೆದರೆ ಇಲ್ಲಿಯೂ ರ‍್ಯಾಮ್ ತುಂಬುತ್ತದೆ. ಒಳಗಿರುವುದು ತಿರುಗುವ ಹಾರ್ಡ್‌ಡಿಸ್ಕಾಗಿದ್ದರೆ, ಅದರ ಬದಲು ತಿರುಗುವ ಭಾಗಗಳಿಲ್ಲದ, ವೇಗದ ಸಂಗ್ರಹವಾದ ಎಸ್‌ಎಸ್‌ಡಿ ಹಾಕುವುದರಿಂದ ಆಗುವ ಲಾಭ ಯಾವ ಆವೃತ್ತಿಯ ಆಯ್ಕೆಗಿಂತಲೂ ದೊಡ್ಡದು. ವಿಂಡೋಸಿಗೆಂದೇ ಮಾಡಿದ ಲೆಕ್ಕಪತ್ರದ ತಂತ್ರಾಂಶ ಬೇಕೇಬೇಕೆನ್ನುವವರು ಮೊದಲು ಅದಕ್ಕೆ ಪರ್ಯಾಯವಿದೆಯೇ ಎಂದು ವಿಚಾರಿಸಿಕೊಳ್ಳಲಿ. ಪತ್ರ ಬರೆಯುವುದಕ್ಕೂ ಲೆಕ್ಕದ ಹಾಳೆಗೂ ಲಿಬ್ರೆಆಫೀಸ್ ಸಾಕು.

ಕೆಲಸ ಮುಗಿದ ಮೇಲೂ ಆ ಪೆನ್‌ಡ್ರೈವನ್ನು ಅಳಿಸದೆ ಎತ್ತಿಡಿ. ಮುಂದೊಂದು ದಿನ ಲ್ಯಾಪ್‌ಟಾಪ್ ಚಾಲೂ ಆಗದಿದ್ದರೆ, ಡಿಸ್ಕಿನಲ್ಲಿರುವ ಕಡತಗಳನ್ನು ಹೊರತೆಗೆಯಲು ಅದೇ ನೆರವಾಗುತ್ತದೆ.

ನಮಸ್ಕಾರ.