ಹುಕ್ ಟೈಮಿಂಗ್‌ಗೆ ಕೈ ಹಾಕುವ ಮುಂಚೆ

ನಮಸ್ಕಾರ. ಹಿಂದೆ ಕೂತವರು ದಯವಿಟ್ಟು ಮುಂದೆ ಬನ್ನಿ. ಚರ್ಮ ಹೊಲಿಯುವ ಈ ಮಶೀನ್ ದೊಡ್ಡದೇ, ಆದರೆ ನಾನು ತೋರಿಸಬೇಕಾದ ಜಾಗ ನಿಮ್ಮ ಕಿರುಬೆರಳಿನ ಉಗುರಿನಷ್ಟೂ ಇಲ್ಲ.

ಕರಪತ್ರದಲ್ಲಿ 'ಹುಕ್ ಟೈಮಿಂಗ್ ಸರಿಪಡಿಸುವುದು ಹೇಗೆ' ಅಂತ ಹಾಕಿದ್ದಾರೆ. ಹುಕ್ ಅಂದರೆ ಸೂಜಿಯ ಕೆಳಗೆ ತಿರುಗುತ್ತಾ ದಾರ ಹಿಡಿಯುವ ಕೊಕ್ಕೆ. ಹೇಳುತ್ತೇನೆ. ಅದಕ್ಕೂ ಮೊದಲು ನನ್ನದೊಂದು ತಕರಾರಿದೆ. ಹೊಲಿಗೆ ಬಿಡ್ತು ಅಂದ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಮಶೀನ್ ಮಲಗಿಸುವ ಚಟ ನಮ್ಮಲ್ಲಿ ಜಾಸ್ತಿಯಾಗಿದೆ. ಟೈಮಿಂಗ್ ರಾತ್ರೋರಾತ್ರಿ ತಾನಾಗಿ ತಪ್ಪುವುದಿಲ್ಲ. ದಾರ ಸಿಕ್ಕಿ ಜಾಮ್ ಆಗಿರಬೇಕು, ಸೂಜಿ ಎಲ್ಲೋ ಬಡಿದಿರಬೇಕು, ಸ್ಕ್ರೂ ಸಡಿಲ ಆಗಿರಬೇಕು, ಇಲ್ಲಾ ಯಾರೋ ಕೈ ಹಾಕಿರಬೇಕು. ಇದ್ಯಾವುದೂ ಆಗಿಲ್ಲ ಅಂದರೆ ಮೊದಲು ಸೂಜಿ ಬದಲಿಸಿ. ಇವತ್ತು ಈ ಮಾತು ಪದೇ ಪದೇ ಬರುತ್ತದೆ, ಸಹಿಸಿಕೊಳ್ಳಿ.

ಕೆಳಗೆ ಏನು ನಡೆಯುತ್ತೆ ನೋಡೋಣ. ಸೂಜಿಯ ಒಂದು ಬದಿಗೆ ಉದ್ದ ತೋಡು ಇದೆ, ಇಳಿಯುವಾಗ ದಾರ ಅದರಲ್ಲಿ ಅಡಗಿರುತ್ತದೆ. ಇನ್ನೊಂದು ಬದಿಗೆ, ಕಣ್ಣಿನ ಸ್ವಲ್ಪ ಮೇಲೆ, ಒಂದು ಕಚ್ಚು ಇದೆ. ಸೂಜಿ ಪೂರ್ತಿ ಕೆಳಗೆ ಹೋಗಿ ಮೇಲೇಳಲು ಶುರು ಮಾಡಿದಾಗ ಕಚ್ಚಿನ ಬದಿಯ ದಾರವನ್ನು ಚರ್ಮ ಹಿಡಿದುಕೊಳ್ಳುತ್ತದೆ. ಸೂಜಿ ಏರುತ್ತದೆ, ದಾರ ಏರುವುದಿಲ್ಲ, ಅಲ್ಲೇ ಉಬ್ಬಿ ಕುಣಿಕೆ ಆಗುತ್ತದೆ. ಹುಕ್ಕಿನ ಮೂತಿ ಬಂದು ತೂರಬೇಕಾದ್ದು ಆ ಕುಣಿಕೆಗೆ. ಬೇಗ ಬಂದರೆ ಕುಣಿಕೆ ಇನ್ನೂ ಆಗಿರುವುದಿಲ್ಲ. ತಡವಾಗಿ ಬಂದರೆ ಅದು ವಾಲಿ ಬಿದ್ದಿರುತ್ತದೆ. ಟೈಮಿಂಗ್ ಅಂದರೆ ಇಷ್ಟೇ.

ತಿರುಗುವ ಹುಕ್ ಹೊಸ ಸಾಮಾನೇನಲ್ಲ. ಅಮೆರಿಕದಲ್ಲಿ ಅಲೆನ್ ವಿಲ್ಸನ್ ಅದಕ್ಕೆ ಪೇಟೆಂಟ್ ಪಡೆದದ್ದು 1851ರ ಆಗಸ್ಟ್ 12ರಂದು. ಐಸಾಕ್ ಸಿಂಗರ್‌ಗೆ ಅವರ ಮಶೀನಿನ ಪೇಟೆಂಟ್ ಸಿಕ್ಕಿದ್ದೂ ಅದೇ ದಿನ. ಸಿಂಗರ್ ಹೆಸರು ಮನೆಮನೆಗೆ ಗೊತ್ತು. ವಿಲ್ಸನ್ ಯಾರು ಅಂತ ಈ ಹಾಲ್‌ನಲ್ಲಿ ಎಷ್ಟು ಜನಕ್ಕೆ ಗೊತ್ತು? ಮಶೀನಿನ ಅಡಿಯಲ್ಲಿ ಕೆಲಸ ಮಾಡುವವರ ಹಣೆಬರಹವೇ ಹಾಗೆ.

ಸರಿ, ಸೂಜಿಗೆ ಬರೋಣ. ಸೀಟ್ ಕವರ್ ಹೊಲಿಯುವ ಒಂದು ಅಂಗಡಿ, ಹೆಸರು ಬೇಡ. ವಾಕಿಂಗ್ ಫೂಟ್ ಮಶೀನ್, ಅಂದರೆ ಮೇಲಿನಿಂದ ಒತ್ತುವ ಪಾದವೂ ಹೊಲಿಯುವ ಸಾಮಾನಿನ ಜೊತೆ ನಡೆಯುವಂಥದ್ದು, ಒಳ್ಳೇ ಕಂಡೀಷನ್. ಮಾಲೀಕರು ಫೋನ್ ಮಾಡಿ, "ಸಾರ್, ಈಗ ಬರೋ ಸೂಜಿ ಎಲ್ಲಾ ಡೂಪ್ಲಿಕೇಟು, ಹಾಕಿದ ತಕ್ಷಣ ಮುರೀತವೆ" ಅಂದರು. ಹೋಗಿ ನೋಡಿದೆ. ಸೂಜಿ ಹಿಡಿದಿರುವ ಕಂಬಿ, ನೀಡಲ್ ಬಾರ್, ಪೂರ್ತಿ ಕೆಳಗೆ ಇಳಿದು ಕೂತಿದೆ. ಹುಕ್ಕಿನ ಮೇಲೆ ಗೀರುಗಳು. ಕಸದ ಡಬ್ಬಿಯಲ್ಲಿ ಮುರಿದ ಸೂಜಿಗಳು, ಜೊತೆಗೆ ಎರಡು ಥರದ ಖಾಲಿ ಪ್ಯಾಕೆಟ್. ಆ ಪ್ಯಾಕೆಟ್ ನೋಡಿದ ಮೇಲೆ ಎಲ್ಲಾ ಗೊತ್ತಾಯಿತು.

ಆಗಿದ್ದು ಇದು. ಹುಡುಗನನ್ನು ಸೂಜಿ ತರಲು ಕಳಿಸಿದ್ದಾರೆ. ಅವನು ಅಂಗಡಿಯಲ್ಲಿ "110 ನಂಬರ್ ಕೊಡಿ" ಅಂದಿದ್ದಾನೆ. 110 ಅನ್ನುವುದು ದಪ್ಪ ಅಷ್ಟೇ. ಸೂಜಿ ಯಾವ ಜಾತಿ ಅಂತ ಹೇಳುವ ನಂಬರ್ ಬೇರೆ. ಮಶೀನಿಗೆ ಬೇಕಿದ್ದದ್ದು 135×17. ಅಂಗಡಿಯವನು ಕೊಟ್ಟಿದ್ದು 135×5. ಎರಡರ ಬುಡವೂ ಒಂದೇ ದಪ್ಪ, ಸುಮಾರು 2 ಮಿ.ಮೀ., ಹಾಗಾಗಿ ಸಲೀಸಾಗಿ ಕೂತಿದೆ. ಆದರೆ ಬುಡದಿಂದ ಕಣ್ಣಿನವರೆಗೆ ಅಳೆದರೆ ಸುಮಾರು 5 ಮಿ.ಮೀ. ಗಿಡ್ಡ. ಹುಕ್ ಹೇಗೆ ಹಿಡಿಯಬೇಕು? ಹಿಡಿಯಲಿಲ್ಲ. ಒಬ್ಬ ಮೆಕ್ಯಾನಿಕ್ ಬಂದು, ಬುದ್ಧಿವಂತ, ನೀಡಲ್ ಬಾರ್ ಕೆಳಗಿಳಿಸಿದ. ಹೊಲಿಗೆ ಬಿತ್ತು! ಕಾಸು ತಗೊಂಡು ಹೋದ. ಆ ಸೂಜಿಗಳು ಮುಗಿದವು. ಈ ಸಲ ಮಾಲೀಕರೇ ಹೋಗಿ ಸರಿಯಾದ 135×17 ತಂದರು. ಹಾಕಿ ಪೆಡಲ್ ಒತ್ತಿದರು. ಸೂಜಿ 5 ಮಿ.ಮೀ. ಜಾಸ್ತಿ ಆಳಕ್ಕಿಳಿದು ಟಕ್ ಅಂತ ಬಡಿಯಿತು. ಮತ್ತೊಂದು ಹಾಕಿದರು, ಟಕ್. ಅವರ ಲೆಕ್ಕದಲ್ಲಿ ತಪ್ಪು ಸೂಜಿ ಒರಿಜಿನಲ್, ಸರಿಯಾದದ್ದು ಡೂಪ್ಲಿಕೇಟ್. ನಗಬೇಡಿ, ನಿಮ್ಮಲ್ಲಿ ಪ್ಯಾಕೆಟ್ ಮೇಲಿನ ಎರಡೂ ನಂಬರ್ ಓದಿ ತರುವವರು ಕೈ ಎತ್ತಿ ನೋಡೋಣ. ಹಾಂ, ನೋಡಿದಿರಲ್ಲ.

ಅಂದ ಹಾಗೆ 135×16 ಕೂಡ ಅಷ್ಟೇ ಉದ್ದ, ಅದರ ತುದಿ ಚರ್ಮ ಕತ್ತರಿಸುವಂಥದ್ದು. 17 ದುಂಡು ತುದಿ, ಬಟ್ಟೆ ರೆಕ್ಸಿನ್‌ಗೆ. ಇವೆರಡನ್ನು ಅದಲು ಬದಲು ಮಾಡಿದರೆ ಟೈಮಿಂಗ್ ಕೆಡುವುದಿಲ್ಲ.

ಇನ್ನೊಂದು ವಿಷಯ. ಕೆಲವು ಮಶೀನಿನಲ್ಲಿ ಸೇಫ್ಟಿ ಕ್ಲಚ್ ಇರುತ್ತದೆ. ದಾರ ಜಾಮ್ ಆದಾಗ ಹುಕ್ ಕೆಡದಿರಲಿ ಅಂತ ಅದು ಬಿಟ್ಟುಕೊಳ್ಳುತ್ತದೆ. ಚಕ್ರ ತಿರುಗುತ್ತೆ, ಹುಕ್ ತಿರುಗಲ್ಲ. ಟೈಮಿಂಗ್ ಹೋಯ್ತು ಅಂತ ಹೆದರಬೇಡಿ. ಸಿಕ್ಕಿದ ದಾರ ತೆಗೆದು, ಬೆಡ್ ಮೇಲಿನ ಬಟನ್ ಒತ್ತಿ ಹಿಡಿದು, ಕೈಯಲ್ಲಿ ಚಕ್ರ ಜೋರಾಗಿ ತಿರುಗಿಸಿ. ಕ್ಲಿಕ್ ಅಂತ ಕೂತುಕೊಳ್ಳುತ್ತದೆ. ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ.

ಇಷ್ಟಾದರೂ ಹಿಡಿಯದಿದ್ದರೆ ಆಗ ಟೈಮಿಂಗ್. ಪ್ಲಗ್ ಕೀಳಿ. ಸರ್ವೋ ಮೋಟರ್ ಇದ್ದರಂತೂ ಖಂಡಿತ ಕೀಳಿ, ಅದು ಸದ್ದಿಲ್ಲದೆ ಕಾಯುತ್ತಿರುತ್ತದೆ. ಹೊಸ ಸೂಜಿ ಹಾಕಿ, ಕಚ್ಚು ಹುಕ್ಕಿನ ಕಡೆಗೆ ಇರಲಿ. ಸೂಜಿ ತಟ್ಟೆ ಬಿಚ್ಚಿ. ಚಕ್ರ ತಿರುಗಿಸಿ ಸೂಜಿಯನ್ನು ತೀರಾ ಕೆಳಕ್ಕೆ ಇಳಿಸಿ, ಅಲ್ಲಿಂದ 2ರಿಂದ 2.5 ಮಿ.ಮೀ. ಮೇಲೇಳಿಸಿ. ಸರಿಯಾದ ಅಳತೆ ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿರುತ್ತದೆ. ಈಗ ಹುಕ್ಕಿನ ಸ್ಕ್ರೂ ಸಡಿಲಿಸಿ, ಮೂತಿಯನ್ನು ಸೂಜಿಯ ನಡುಮಧ್ಯಕ್ಕೆ ತನ್ನಿ. ಟಾರ್ಚ್ ಹಾಕಿ ನೋಡಿ: ಮೂತಿ ಸೂಜಿಯ ಕಣ್ಣಿನ ಮೇಲಂಚಿಗಿಂತ ಸುಮಾರು 1.5 ಮಿ.ಮೀ. ಮೇಲೆ ಇರಬೇಕು. ಇಲ್ಲವಾದರೆ ಆಗ ಮಾತ್ರ ನೀಡಲ್ ಬಾರ್ ಮುಟ್ಟಿ. ಮೂತಿಗೂ ಕಚ್ಚಿಗೂ ನಡುವೆ ಒಂದು ಕಾಗದ ತೂರುವಷ್ಟೂ ಜಾಗ ಬೇಡ, ಆದರೆ ಉಜ್ಜಲೂಬಾರದು. ದಪ್ಪ ಸೂಜಿಯಿಂದ ತೆಳು ಸೂಜಿಗೆ ಬಂದರೆ ಈ ಸಂದು ದೊಡ್ಡದಾಗುತ್ತದೆ, ಅದು ನೆನಪಿರಲಿ.

ವಾಕಿಂಗ್ ಫೂಟ್‌ನಲ್ಲಿ ಒಂದು ತರಲೆ ಇದೆ. ಸೂಜಿಯೂ ಚರ್ಮದ ಜೊತೆ ಹಿಂದೆ ಮುಂದೆ ನಡೆಯುತ್ತದಲ್ವಾ? ಹಾಗಾಗಿ ಹೊಲಿಗೆ ಉದ್ದ ಮಾಡಿದರೆ, ರಿವರ್ಸ್ ಹಾಕಿದರೆ, ಹುಕ್ ಸೂಜಿಯನ್ನು ಸಂಧಿಸುವ ಜಾಗವೂ ಬದಲಾಗುತ್ತದೆ. ಮುಂದಕ್ಕೆ ಚೆನ್ನಾಗಿ ಹೊಲಿದು ರಿವರ್ಸ್‌ನಲ್ಲಿ ಬಿಡುತ್ತೆ ಅನ್ನುವ ದೂರು ಇಲ್ಲಿಂದಲೇ. ನೀವು ದಿನಾ ಬಳಸುವ ಉದ್ದಕ್ಕೆ ಹೊಂದಿಸಿ, ಆಮೇಲೆ ಕೈಯಲ್ಲೇ ಚಕ್ರ ತಿರುಗಿಸಿ ಮುಂದಕ್ಕೂ ಹಿಂದಕ್ಕೂ ನೋಡಿ. ಎರಡಕ್ಕೂ ಒಪ್ಪುವ ನಡುವಿನ ಜಾಗದಲ್ಲಿ ಸ್ಕ್ರೂ ಬಿಗಿಮಾಡಿ.

ಚೀಟಿ ಬಂತು, ಐದು ನಿಮಿಷ ಅಂತೆ. ಅಥಣಿ, ನಿಪ್ಪಾಣಿ ಕಡೆ ಕೊಲ್ಲಾಪುರಿ ಚಪ್ಪಲಿಯನ್ನು ಚರ್ಮದ ಎಳೆಯಲ್ಲಿ ಕೈಯಿಂದಲೇ ಹೊಲಿಯುತ್ತಾರೆ, 2019ರಲ್ಲಿ ಅದಕ್ಕೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಕೂಡ ಸಿಕ್ಕಿತು. ಅದರ ಬಗ್ಗೆ ಹೇಳಬೇಕು ಅಂತಿದ್ದೆ. ಬಿಡಿ, ಅವರಿಗೆ ಟೈಮಿಂಗ್ ಚಿಂತೆ ಇಲ್ಲ, ಪುಣ್ಯವಂತರು.

ಬೇಗ ಬೇಗ ಎರಡು ಮಾತು. ಸೂಜಿ ಮೇಲೇಳುವಾಗ ಚರ್ಮವೂ ಅದರ ಜೊತೆ ಎದ್ದರೆ ಕುಣಿಕೆ ಆಗುವುದೇ ಇಲ್ಲ. ಆಗ ಹುಕ್ ಅಲ್ಲ, ಫೂಟಿನ ಒತ್ತಡ ನೋಡಿ. ಅಂಟಿಸುವ ಸೊಲ್ಯೂಷನ್ ಒಣಗುವ ಮುಂಚೆ ಹೊಲಿದರೆ ಸೂಜಿಗೆ ಅಂಟಿ ಹೊಲಿಗೆ ಬಿಡುತ್ತದೆ, ಸೂಜಿ ಒರೆಸಿ. ಎಣ್ಣೆಯ ವಿಷಯ ಊಟದ ಮೇಲೆ ಯಾರಾದರೂ ಕೇಳಿ.

ಈಗ ನಾಲ್ಕು ನಾಲ್ಕು ಜನ ಮಶೀನ್ ಹತ್ತಿರ ಬನ್ನಿ. ಇದರ ಟೈಮಿಂಗ್ ಬೆಳಿಗ್ಗೆ ನಾನೇ ಕೆಡಿಸಿಟ್ಟಿದ್ದೇನೆ. ಟಾರ್ಚ್ ಮೇಜಿನ ಮೇಲಿದೆ. ಪ್ಲಗ್ ಕಿತ್ತಿದೆಯಾ ಅಂತ ಮೊದಲು ಬರುವವರು ನೋಡಿಕೊಳ್ಳಿ.