ಅಂಗೈಯ ಗೆರೆ, ಮಾವನ ಅಡಿಕೆ ಸಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಉಡುಪಿ ಕಡೆ ಹಸುಗೂಸನ್ನ ಮೀಯಿಸುದು ನೋಡಿದ್ದೀರಲ್ಲ, ಅಜ್ಜಿ ಕಾಲು ಚಾಚಿ ಕೂತು, ಮಗುವನ್ನ ಕಾಲ ಮೇಲೆ ಮಲಗಿಸಿ, ತೆಂಗಿನೆಣ್ಣೆ ತಿಕ್ಕುತ್ತಾ ಕಿವಿಯ ಹಾಲೆ ಹಿಡಿದು ನೋಡ್ತಾರೆ, ಮುಷ್ಟಿ ಬಿಡಿಸಿ ಅಂಗೈ ನೋಡ್ತಾರೆ, "ಕಿವಿ ದೊಡ್ಡ ಉಂಟು, ಆಯಸ್ಸು ಗಟ್ಟಿ" ಅಂತಾರೆ.

ಅದು ಬರೀ ಬಾಯಿಮಾತು ಅಂದ್ಕೊಂಡಿದ್ದೆ ನಾನು. ಆಯುರ್ವೇದದ ಹಳೇ ಗ್ರಂಥ ಚರಕ ಸಂಹಿತೆಯ ಶಾರೀರ ಸ್ಥಾನ ಅನ್ನುವ ಭಾಗದಲ್ಲೇ ಉಂಟು ಅದು, ನಾಮಕರಣ ಆದ ಮೇಲೆ ಆಯಸ್ಸು ತಿಳಿಯುದಕ್ಕೆ ಮಗುವನ್ನ ಪರೀಕ್ಷೆ ಮಾಡ್ಬೇಕು ಅಂತ. ಕೂದಲು ಒಂದೊಂದೇ ಬೇರೆ ಬೇರೆ ಹುಟ್ಟಿರಬೇಕು, ಮೆತ್ತಗೆ, ಕಪ್ಪಗೆ, ಬುಡ ಗಟ್ಟಿ, ಹಣೆ ಅಗಲ, ಚರ್ಮ ದಪ್ಪ. ಅಷ್ಟಕ್ಕೇ ನಿಲ್ಲುದಿಲ್ಲ, ಮಲಮೂತ್ರ ಸರಿ ಹೋಗ್ತದಾ, ನಿದ್ದೆ ಹೇಗೆ, ನಗು ಅಳು ಹೇಗೆ, ಮೊಲೆಹಾಲು ಸರಿ ಕುಡಿತದಾ. ಮಕ್ಕಳ ಡಾಕ್ಟ್ರು ಇವತ್ತಿಗೂ ಮೊದಲು ಕೇಳುದು ಇದನ್ನೇ ಅಲ್ವಾ. ನನಗೆ ತುಂಬ ಇಷ್ಟ ಆದ ಭಾಗ ಇದು.

ಇನ್ನು ಅಂಗೈ. ನಮ್ಮ ಸಾಮುದ್ರಿಕದಲ್ಲಿ, ಅಂದ್ರೆ ಮೈಕೈ ಲಕ್ಷಣ ನೋಡಿ ಭವಿಷ್ಯ ಹೇಳುವ ಶಾಸ್ತ್ರದಲ್ಲಿ, ಆಯುಷ್ಯ ರೇಖೆ ಅಂದ್ರೆ ಕಿರುಬೆರಳ ಕೆಳಗಿಂದ ತೋರುಬೆರಳ ಕಡೆಗೆ ಹೋಗುವ ಗೆರೆ. 6ನೇ ಶತಮಾನದ ಜ್ಯೋತಿಷಿ ವರಾಹಮಿಹಿರರ ಬೃಹತ್ಸಂಹಿತೆ ಹೇಳ್ತದೆ, ಗೆರೆ ತೋರುಬೆರಳು ಮುಟ್ಟಿದ್ರೆ 100 ವರ್ಷ, ಕಮ್ಮಿಯಾದಷ್ಟೂ ಕಮ್ಮಿ, ತುಂಡಾಗಿದ್ರೆ ಮರದಿಂದ ಬೀಳುದು. ಇಂಗ್ಲಿಷಿನವರು ಅದನ್ನ ಹಾರ್ಟ್ ಲೈನ್ ಅಂತಾರೆ, ಅವರ ಲೈಫ್ ಲೈನ್ ಹೆಬ್ಬೆರಳ ಸುತ್ತ ಇರುವಂಥದ್ದು, ನಮ್ಮಲ್ಲಿ ಅದಕ್ಕೆ ಪಿತೃರೇಖೆ ಅಂತಾರೆ. ಎರಡನ್ನೂ ಕಲಸಿ ಹೇಳಿದ್ರೆ ಏನಾಗ್ತದೆ ನೋಡಿ.

ನನ್ನ ಸೋದರಮಾವನಿಗೆ 58 ಇರುವಾಗ ಕೈ ನೋಡಿದವರೊಬ್ಬರು ಹೆಬ್ಬೆರಳ ಹತ್ತಿರದ ಗೆರೆ ಹಿಡಿದು "ತುಂಡಾಗಿದೆ, 60 ದಾಟುದು ಕಷ್ಟ" ಅಂದ್ಬಿಟ್ರು. ಅವರು ನೋಡಿದ್ದು ನಮ್ಮ ಶಾಸ್ತ್ರದ ಆಯುಷ್ಯ ರೇಖೆಯೇ ಅಲ್ಲ! ಮಾವ ಮಾತ್ರ ನಂಬಿದ್ರು. ಅಡಿಕೆ ಸಸಿಗೆ ಅಂತ ತೋಡಿಟ್ಟ ಗುಂಡಿ ಹಾಗೇ ಬಿಟ್ರು, "ಫಸಲು ನೋಡ್ಲಿಕ್ಕೆ ನಾನಿರುದಿಲ್ಲ" ಅಂತ. ಎರಡು ಮಳೆಗಾಲ ಗುಂಡಿಯಲ್ಲಿ ನೀರು ನಿಂತಿತ್ತು, ಅತ್ತೆ ಅದನ್ನ ನೋಡಿ ನೋಡಿ ಕಣ್ಣೊರೆಸಿಕೊಳ್ತಿದ್ರು.

ಆಯಸ್ಸು ಮೊದಲೇ ಬರೆದಿಟ್ಟದ್ದಾ ಅನ್ನುದಕ್ಕೂ ಚರಕದಲ್ಲಿ ಉತ್ತರ ಉಂಟು, ವಿಮಾನ ಸ್ಥಾನ ಅನ್ನುವ ಇನ್ನೊಂದು ಭಾಗದಲ್ಲಿ. ಗಾಡಿಯ ಅಚ್ಚು ಒಳ್ಳೆಯದಿದ್ರೆ ತನ್ನ ಕಾಲಕ್ಕೆ ಸವೆದು ಮುಗಿತದೆ, ಭಾರ ಹೆಚ್ಚಾದ್ರೆ, ದಾರಿ ಕೆಟ್ಟಿದ್ರೆ ನಡುವಲ್ಲೇ ಮುರಿತದೆ, ಆಯಸ್ಸೂ ಹಾಗೆಯೇ, ದೈವವೂ ಬೇಕು ನಮ್ಮ ನಡತೆಯೂ ಬೇಕು ಅಂತ. ಇದನ್ನ ಮಾವನಿಗೆ ಓದಿ ಹೇಳಿದ್ದು ನಾನೇ.

61ಕ್ಕೆ ಸಸಿ ನೆಟ್ರು. ಈಗ 74. ಆ ಮರಗಳ ಗೊನೆ ಇಳಿಸುವ ದಿನ ಅವರೇ ಬುಡದಲ್ಲಿ ನಿಂತು ಲೆಕ್ಕ ಬರಿತಾರೆ.