ಅಸಲು ಸೊನ್ನೆಯಾದರೆ ಲಾಭ ಶೇಕಡಾ ಎಷ್ಟು?

ಇದು ನಮ್ಮ ಶಾಲೆಯ ಮಕ್ಕಳ ಸಂತೆ. ಅಂಗಳದಲ್ಲಿ ಗೋಣಿಚೀಲ ಹಾಸಿ, ಸೊಪ್ಪು, ನಿಂಬೆಹಣ್ಣು, ಚುರುಮುರಿ ಇಟ್ಟುಕೊಂಡು ಕೂತವರೆಲ್ಲ ನನ್ನ ಏಳನೇ ತರಗತಿಯವರು. ಕೊಳ್ಳುವವರು ಊರಿನವರೇ.

ಈ ಹುಡುಗಿಯನ್ನು ನೋಡಿ. ಮೆಂತ್ಯ ಸೊಪ್ಪು, 40 ಕಟ್ಟು. ಕಟ್ಟಿಗೆ 6 ರೂಪಾಯಿಯಂತೆ 240 ರೂಪಾಯಿ ಬಂಡವಾಳ ಹಾಕಿದ್ದಾಳೆ. 10 ರೂಪಾಯಿಗೊಂದರಂತೆ 22 ಕಟ್ಟು ಹೋಯಿತು. ಈಗ ಗಂಟೆ ಹನ್ನೊಂದು. ಬಿಸಿಲು ಏರಿದೆ, ಉಳಿದ 18 ಕಟ್ಟು ಬಾಡುತ್ತಿವೆ. ಕೈಯಲ್ಲಿ 220 ರೂಪಾಯಿ. ಇನ್ನೂ ಅಸಲೇ ಗಿಟ್ಟಿಲ್ಲ.

ಪುಸ್ತಕದ ಲೆಕ್ಕದಲ್ಲಿ ಬೆಲೆಯನ್ನು ಮೊದಲೇ ಕೊಟ್ಟಿರುತ್ತಾರೆ, ಅಲ್ವಾ? ಕಳೆದು ಭಾಗಿಸಿದರೆ ಮಗುವಿನ ಕೆಲಸ ಮುಗಿಯಿತು. ಇಲ್ಲಿ ಬೆಲೆ ಕಟ್ಟಬೇಕಾದವಳು ಅವಳೇ. ಹೇಳಿಕೊಡಬೇಕು ಅನ್ನಿಸಿತು, ಆದರೂ ಸುಮ್ನೆ ನಿಂತೆ. ಸ್ವಲ್ಪ ಹೊತ್ತು ಬೆರಳು ಮಡಚಿ ಎಣಿಸಿದಳು. ಆಮೇಲೆ ಜೋರಾಗಿ ಕೂಗಿದಳು: "ಇಪ್ಪತ್ತಕ್ಕೆ ಮೂರು!" ಆರು ಜನ ತಗೊಂಡರು. ಅಲ್ಲಿಗೆ 120 ಬಂತು. ಒಟ್ಟು 340, ಲಾಭ 100. ಹತ್ತಕ್ಕೇ ಪಟ್ಟು ಹಿಡಿದು ಕೂತು ಇನ್ನೂ ಐದು ಕಟ್ಟು ಮಾರಿದ್ದರೆ ಲಾಭ ಬರೀ 30. ಒಂದೊಂದರ ಮೇಲೆ ಕಡಿಮೆ ತಗೊಂಡು ಒಟ್ಟಿನಲ್ಲಿ ಜಾಸ್ತಿ ಗಳಿಸಬಹುದು ಅಂತ ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಆದರೆ ಸಂತೆ ಮುಗಿಸಿ ಚಪ್ಪಾಳೆ ತಟ್ಟಿದರೆ ಸಾಲದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ 2025ರಲ್ಲಿ ಬಂತು. ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಹೇಳುವ ಮಕ್ಕಳು, ಹಾಳೆಯ ಮೇಲೆ ಸುಲಭದ ಭಾಗಾಕಾರ ಕೊಟ್ಟರೆ ತಡವರಿಸಿದರು. ಬರೀ ಶಾಲೆಗೆ ಹೋಗುವ ಮಕ್ಕಳು ಅಂಗಡಿ ಲೆಕ್ಕದಲ್ಲಿ ಸೋತರು. ಸಂತೆಯನ್ನು ಬೋರ್ಡಿನವರೆಗೆ ತರುವ ಕೆಲಸ ನಮ್ಮಂಥ ಮೇಷ್ಟರದು.

ಅದಕ್ಕೇ ಮರುದಿನ ಎಲ್ಲರ ಲೆಕ್ಕವೂ ಬೋರ್ಡಿಗೆ ಬಂತು. ನುಗ್ಗೇಕಾಯಿ ಮಾರಿದ ಹುಡುಗ ಎದ್ದು ನಿಂತ. "ಅಸಲು ಸೊನ್ನೆ ಸಾರ್, ನಮ್ಮ ಹಿತ್ತಲದ್ದು. 150 ರೂಪಾಯಿ ಪೂರ್ತಿ ಲಾಭ."

ಹಾಗಾದರೆ ಶೇಕಡಾ ಎಷ್ಟು? ಒಬ್ಬ ನೂರು ಅಂದ. ಇನ್ನೊಬ್ಬಳು ಸೊನ್ನೆ ಅಂದಳು. ಲಾಭವನ್ನು ಅಸಲಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ತಾನೇ ಶೇಕಡಾ ಸಿಗುವುದು? ಅಸಲು ಒಂದು ರೂಪಾಯಿ ಅಂತ ಇಟ್ಟು ನೋಡಿದೆವು: ಲಾಭ 149, ಶೇಕಡಾ 14,900. ಐವತ್ತು ಪೈಸೆ ಇಟ್ಟೆವು: 29,900. ಅಸಲು ಇಳಿದಷ್ಟೂ ಉತ್ತರ ಏರುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಸೊನ್ನೆಯಿಂದ ಭಾಗಿಸಬಾರದು ಅಂತ ಎಷ್ಟು ಸಲ ಹೇಳಿದ್ದೆನೋ. ಯಾಕೆ ಅನ್ನುವುದನ್ನು ಅವತ್ತು ಅವರೇ ಕಂಡರು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: "ಮರಕ್ಕೆ ನೀರು ಹಾಕಿದ್ದು ಯಾರೋ?"

"ಅಮ್ಮ."

"ಮತ್ತೆ ಅಸಲು ಸೊನ್ನೆ ಹೇಗಾಗುತ್ತೆ?"

ಅಮ್ಮನ ಕೂಲಿ ಎಷ್ಟು ಅಂತ ಹಿಡಿಯುವುದು? ಒಬ್ಬೊಬ್ಬರು ಒಂದೊಂದು ಹೇಳಿದರು. ಮನೆಗೆ ಹೋಗಿ ಅಮ್ಮನನ್ನೇ ಕೇಳಿ ಬರುತ್ತೇನೆ ಅಂದಿದ್ದಾನೆ ಹುಡುಗ. ಬೋರ್ಡಿನಲ್ಲಿ ಅಸಲಿನ ಜಾಗ ಖಾಲಿ ಬಿಟ್ಟಿದ್ದೇವೆ.